ಗೋಡೆ ಕಟ್ಟಿದ್ದೂ ಆಯಿತು, ಕೆಡವಿದ್ದೂ ಆಯಿತು: ಮನೋರೋಗಿಗಳ ಆರೈಕೆ ಯಾರ ಹೊಣೆ?

ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಜುಲೈ 24ರಂದು ಒಂದು ಆದೇಶಕ್ಕೆ ಸಹಿ ಹಾಕಿದರು. ಬೀದಿ ಬದಿಯಲ್ಲಿ, ಸೇತುವೆಗಳ ಅಡಿಯಲ್ಲಿ, ಉದ್ಯಾನಗಳಲ್ಲಿ ಡೇರೆ ಹಾಕಿಕೊಂಡು ಬದುಕುವ ನಿರಾಶ್ರಿತರ ಪೈಕಿ ಗಂಭೀರ ಮನೋರೋಗ ಅಥವಾ ಮಾದಕ ವ್ಯಸನ ಇರುವವರನ್ನು ಕಾನೂನಿನ ಬಲದಿಂದ ದೀರ್ಘಕಾಲದ ಆರೈಕೆ ನೀಡುವ ಸಂಸ್ಥೆಗಳಿಗೆ ಸೇರಿಸಬೇಕು ಎಂಬುದು ಆ ಆದೇಶದ ಒಂದು ಮುಖ್ಯ ಅಂಶ. ಹಾಗೆ ಸೇರಿಸಲು ಅಡ್ಡಿಯಾಗಿರುವ ನ್ಯಾಯಾಲಯದ ತೀರ್ಪುಗಳನ್ನು ಬದಲಾಯಿಸಲು ಪ್ರಯತ್ನಿಸಬೇಕೆಂದೂ, ಬೀದಿಯಲ್ಲಿ ಬಿಡಾರ ಹೂಡುವುದನ್ನು ನಿಷೇಧಿಸುವ ರಾಜ್ಯಗಳಿಗೆ ಅನುದಾನದಲ್ಲಿ ಆದ್ಯತೆ ಕೊಡಬೇಕೆಂದೂ ಅದು ಹೇಳುತ್ತದೆ.

2024ರ ಜನವರಿಯ ಒಂದು ರಾತ್ರಿ ನಡೆದ ಗಣತಿಯಲ್ಲಿ ಆ ದೇಶದಲ್ಲಿ 7,71,480 ಮಂದಿ ಮನೆಯಿಲ್ಲದವರು ಕಂಡುಬಂದಿದ್ದರು. ಅಲ್ಲಿಯವರೆಗಿನ ಗಣತಿಗಳಲ್ಲೇ ಇದು ಅತಿ ಹೆಚ್ಚು. ಇವರೆಲ್ಲರೂ ಮನೋರೋಗಿಗಳಲ್ಲ. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದವರೇ ಅನೇಕರು. ಆದರೆ ಚಿಕಿತ್ಸೆ ಕಾಣದ ಮನೋರೋಗಿಗಳೂ ಅವರ ನಡುವೆ ಸಾವಿರಾರು ಸಂಖ್ಯೆಯಲ್ಲಿದ್ದಾರೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಆದೇಶವನ್ನು ಸ್ವಾಗತಿಸಿದವರು, ಬೀದಿಯಲ್ಲಿ ನರಳಿ ಸಾಯಲು ಬಿಡುವುದು ಯಾವ ಸೀಮೆಯ ಸ್ವಾತಂತ್ರ್ಯ ಎಂದು ಕೇಳುತ್ತಾರೆ. ವಿರೋಧಿಸುವವರು, ಹಳೆಯ ಹುಚ್ಚಾಸ್ಪತ್ರೆಗಳ ಕಾಲ ಮರಳಿ ಬರುತ್ತಿದೆ ಎಂದು ಎಚ್ಚರಿಸುತ್ತಾರೆ. ಎರಡೂ ಮಾತಿನಲ್ಲಿ ಸತ್ಯದ ಅಂಶವಿದೆ. ಆದರೆ ಈ ವಾದ ಮೊದಲ ಬಾರಿಗೆ ನಡೆಯುತ್ತಿರುವುದಲ್ಲ. ಇನ್ನೂರು ವರ್ಷಗಳಿಂದ ನಡೆದು ಬಂದಿರುವ ಈ ವಾದದ ಲೆಕ್ಕವನ್ನು ಒಬ್ಬ ವಿದ್ವಾಂಸರು ಐದು ದಶಕಗಳಿಂದ ಬರೆದಿಟ್ಟಿದ್ದಾರೆ. ಇಂದಿನ ಸುದ್ದಿಯನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕಾದರೆ ಆ ಲೆಕ್ಕದ ಪುಸ್ತಕವನ್ನು ತೆರೆದು ನೋಡುವುದು ಅಗತ್ಯ ಎಂಬುದು ನಮ್ಮ ಭಾವನೆ.

ಯಾರು ಈ ಇತಿಹಾಸಕಾರ?

ಆ್ಯಂಡ್ರೂ ಸ್ಕಲ್ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದವರು. ಆಕ್ಸ್‌ಫರ್ಡ್ ಮತ್ತು ಪ್ರಿನ್ಸ್‌ಟನ್‌ಗಳಲ್ಲಿ ಓದಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೋ ಕೇಂದ್ರದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ಸಮಾಜಶಾಸ್ತ್ರ ಅವರ ವಿಭಾಗವಾದರೂ ಜೀವಮಾನದ ಕೆಲಸವೆಲ್ಲ ಮನೋವೈದ್ಯಶಾಸ್ತ್ರದ ಇತಿಹಾಸದ ಮೇಲೆಯೇ ನಡೆದಿದೆ. 1977ರಲ್ಲಿ ‘ಡೀಕಾರ್ಸರೇಶನ್’, 1979ರಲ್ಲಿ ‘ಮ್ಯೂಸಿಯಮ್ಸ್ ಆಫ್ ಮ್ಯಾಡ್‌ನೆಸ್’, 2005ರಲ್ಲಿ ‘ಮ್ಯಾಡ್‌ಹೌಸ್’, 2015ರಲ್ಲಿ ‘ಮ್ಯಾಡ್‌ನೆಸ್ ಇನ್ ಸಿವಿಲೈಝೇಶನ್’, 2022ರಲ್ಲಿ ‘ಡೆಸ್ಪರೇಟ್ ರೆಮಿಡೀಸ್’ ಎಂಬ ಗ್ರಂಥಗಳನ್ನು ಅವರು ಪ್ರಕಟಿಸಿದ್ದಾರೆ.

ಮನೋರೋಗವೆಂಬುದೇ ಸುಳ್ಳು, ಅದು ಸಮಾಜ ಅಂಟಿಸಿದ ಹಣೆಪಟ್ಟಿ ಎಂದು ವಾದಿಸಿದವರು ಕೆಲವರಿದ್ದಾರೆ. ಸ್ಕಲ್ ಆ ಗುಂಪಿನವರಲ್ಲ. ರೋಗ ನಿಜ, ನರಳಾಟ ನಿಜ, ಅದರ ಭಾರ ಹೊರುವ ಮನೆಯವರ ಕಣ್ಣೀರೂ ನಿಜ ಎಂದು ಒಪ್ಪಿಕೊಂಡೇ ಅವರು ಮುಂದೆ ಹೋಗುತ್ತಾರೆ. ಆ ನಂತರ ಅವರು ಕೇಳುವ ಪ್ರಶ್ನೆ ಸರಳವಾದುದು: ರೋಗಿಗೆ ಒಳ್ಳೆಯದಾಗಲಿ ಎಂದು ಹೇಳಿ ಮಾಡಿದ ಬದಲಾವಣೆಗಳಿಂದ ನಿಜವಾಗಿ ಒಳ್ಳೆಯದಾದದ್ದು ಯಾರಿಗೆ?

ಮೊದಲ ಸುತ್ತು: ಒಳಗೆ ಹಾಕಿದ ಕಾಲ

ಹುಚ್ಚಾಸ್ಪತ್ರೆ ಎಂಬ ಹೆಸರು ಕೇಳಿದರೆ ಇಂದು ಭಯವಾಗುತ್ತದೆ. ಆದರೆ ಅದನ್ನು ಕಟ್ಟಿಸಿದವರು ಕ್ರೂರಿಗಳಾಗಿರಲಿಲ್ಲ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕ್ವೇಕರ್ ಪಂಥದ ವಿಲಿಯಂ ಟ್ಯೂಕ್ 1796ರಲ್ಲಿ ‘ರಿಟ್ರೀಟ್’ ಎಂಬ ಆಶ್ರಯಧಾಮ ತೆರೆದರು. ರೋಗಿಗಳನ್ನು ಸರಪಳಿಯಲ್ಲಿ ಬಿಗಿಯದೆ ಮನುಷ್ಯರಂತೆ ಕಾಣಬೇಕು, ಕೆಲಸ, ವಿಶ್ರಾಂತಿ, ಸಮಾಧಾನದ ಮಾತುಗಳಿಂದ ಅವರನ್ನು ಗುಣಪಡಿಸಬೇಕು ಎಂಬುದು ಅಲ್ಲಿನ ನಿಯಮವಾಗಿತ್ತು.

ಅಮೆರಿಕದಲ್ಲಿ ಈ ಕೆಲಸಕ್ಕೆ ಹೆಸರಾದವರು ಡೊರೊಥಿಯಾ ಡಿಕ್ಸ್. ಈಕೆ 1841ರಲ್ಲಿ ಬಾಸ್ಟನ್ ಸಮೀಪದ ಒಂದು ಜೈಲಿಗೆ ಮಹಿಳಾ ಕೈದಿಗಳಿಗೆ ಭಾನುವಾರದ ಪಾಠ ಹೇಳಿಕೊಡಲು ಹೋಗಿದ್ದರು. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಅಲ್ಲಿ ಚಳಿಯಲ್ಲಿ ಕೂಡಿಹಾಕಿದ್ದನ್ನು ಕಂಡು ಅವರ ಮನಸ್ಸು ಕದಡಿತು. ಮುಂದೆ ರಾಜ್ಯದ ಊರೂರು ಸುತ್ತಿ, ಜೈಲು ಮತ್ತು ಬಡವರ ಆಶ್ರಮಗಳನ್ನು ಕಣ್ಣಾರೆ ನೋಡಿ, 1843ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ವರದಿ ಸಲ್ಲಿಸಿದರು. ಅವರ ಹೋರಾಟದಿಂದ ಅನೇಕ ರಾಜ್ಯಗಳಲ್ಲಿ ಸರಕಾರಿ ಮಾನಸಿಕ ಆಸ್ಪತ್ರೆಗಳು ಹುಟ್ಟಿಕೊಂಡವು. ಇಂಗ್ಲೆಂಡಿನಲ್ಲೂ 1845ರ ಕಾಯ್ದೆ ಪ್ರತಿಯೊಂದು ಕೌಂಟಿಯಲ್ಲಿ ಇಂತಹ ಆಸ್ಪತ್ರೆ ಕಟ್ಟುವುದನ್ನು ಕಡ್ಡಾಯಗೊಳಿಸಿತು.

ಮುಂದೇನಾಯಿತು ಎಂಬುದನ್ನು ಸ್ಕಲ್ ವಿವರವಾಗಿ ತೋರಿಸಿಕೊಟ್ಟಿದ್ದಾರೆ. 1800ರಲ್ಲಿ ಇಂಗ್ಲೆಂಡಿನ ಇಂತಹ ಆಶ್ರಯಗಳಲ್ಲಿ ಇದ್ದವರು ಕೆಲವೇ ಸಾವಿರ ಮಂದಿ. ಆ ಶತಮಾನ ಮುಗಿಯುವಷ್ಟರಲ್ಲಿ ಸಂಖ್ಯೆ ಲಕ್ಷದ ಹತ್ತಿರ ಬಂತು. ಕೆಲವು ಹತ್ತು ರೋಗಿಗಳಿಗೆ ಸಾಧ್ಯವಾದ ಪ್ರೀತಿಯ ಆರೈಕೆ ಸಾವಿರ, ಎರಡು ಸಾವಿರ ರೋಗಿಗಳ ಕಟ್ಟಡದಲ್ಲಿ ಸಾಧ್ಯವಾಗಲಿಲ್ಲ. ಬಂದವರಲ್ಲಿ ಮುದುಕರು, ಅಪಸ್ಮಾರದವರು, ಮನೆಗೆ ಬೇಡವಾದವರು ಎಲ್ಲರೂ ಇದ್ದರು. ಸರಕಾರಗಳು ತಲೆಗೆ ಇಷ್ಟು ಎಂದು ಖರ್ಚನ್ನು ಬಿಗಿಹಿಡಿದವು. ಚಿಕಿತ್ಸೆಯ ಭರವಸೆಯಿಂದ ಕಟ್ಟಿದ ಮನೆ ಕೊನೆಗೆ ಬೇಡವಾದವರನ್ನು ಕೂಡಿಡುವ ಗೋದಾಮಾಯಿತು.

ಹೇಳುವವರು ಕೇಳುವವರು ಇಲ್ಲದ ಕಡೆ

ಇಂತಹ ಮುಚ್ಚಿದ ಜಾಗದಲ್ಲಿ ಅಧಿಕಾರ ಏನು ಮಾಡಬಲ್ಲದು ಎಂಬುದಕ್ಕೆ ‘ಮ್ಯಾಡ್‌ಹೌಸ್’ ಗ್ರಂಥದಲ್ಲಿ ಸ್ಕಲ್ ಒಂದು ಘಟನಾವಳಿಯನ್ನು ದಾಖಲಿಸಿದ್ದಾರೆ. ಡಾ. ಹೆನ್ರಿ ಕಾಟನ್ 1907ರಿಂದ ನ್ಯೂಜೆರ್ಸಿಯ ಟ್ರೆಂಟನ್ ಸರಕಾರಿ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಮನೋರೋಗಕ್ಕೆಲ್ಲ ದೇಹದಲ್ಲಿ ಅಡಗಿರುವ ಸೋಂಕೇ ಕಾರಣ ಎಂಬುದು ಅವರ ದೃಢ ನಂಬಿಕೆ. ಆದ್ದರಿಂದ ರೋಗಿಗಳ ಹಲ್ಲು ಕೀಳಿಸಿದರು, ಟಾನ್ಸಿಲ್ ತೆಗೆಸಿದರು, ಅದರಿಂದಲೂ ಗುಣವಾಗದಿದ್ದರೆ ಹೊಟ್ಟೆ ಕೊಯ್ದು ದೊಡ್ಡ ಕರುಳನ್ನೇ ತೆಗೆದರು. ನೂರಕ್ಕೆ 85 ಮಂದಿ ಗುಣಮುಖರಾಗುತ್ತಿದ್ದಾರೆಂದು ಸಾರಿದರು. ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಸಾಯುತ್ತಿದ್ದರೆಂಬುದು ಅವರದೇ ಲೆಕ್ಕದಲ್ಲಿತ್ತು.

ಡಾ. ಫಿಲಿಸ್ ಗ್ರೀನೇಕರ್ ಎಂಬ ಯುವ ವೈದ್ಯೆ 1920ರ ದಶಕದ ಮಧ್ಯದಲ್ಲಿ ಅಲ್ಲಿಗೆ ಹೋಗಿ ದಾಖಲೆಗಳನ್ನು ಪರೀಕ್ಷಿಸಿದಾಗ ಈ ಸಾಧನೆಯೆಲ್ಲ ಪೊಳ್ಳೆಂದು ತಿಳಿಯಿತು. ಆದರೆ ಆಕೆಯನ್ನು ಕಳುಹಿಸಿದ್ದ ಹಿರಿಯ ಮನೋವೈದ್ಯ, ಜಾನ್ಸ್ ಹಾಪ್‌ಕಿನ್ಸ್‌ನ ಅಡಾಲ್ಫ್ ಮೇಯರ್, ತಮ್ಮ ಶಿಷ್ಯ ಕಾಟನ್‌ರ ಮಾನ ಉಳಿಸಲು ವರದಿಯನ್ನು ಬೆಳಕಿಗೆ ತರಲಿಲ್ಲ. ಚಿಕಿತ್ಸೆ ಮುಂದುವರಿಯಿತು, ಸಾವೂ ಮುಂದುವರಿಯಿತು.

ಕಾಟನ್ ಕೆಟ್ಟ ಮನುಷ್ಯರೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ತಮ್ಮ ಸ್ವಂತ ಮಕ್ಕಳ ಹಲ್ಲುಗಳನ್ನೂ ಕೀಳಿಸಿದ ಮನುಷ್ಯ ಅವರು. ಅವರು ಮೋಸ ಮಾಡುತ್ತಿರಲಿಲ್ಲ, ನಂಬಿದ್ದರು. ಅವರನ್ನು ತಡೆಯಬಲ್ಲವರು ಸುಮ್ಮನಿದ್ದರು, ರೋಗಿಗಳ ಕೂಗು ಗೋಡೆಯಾಚೆ ಕೇಳುತ್ತಿರಲಿಲ್ಲ. ಮಿದುಳಿನ ಎಳೆಗಳನ್ನೇ ಕತ್ತರಿಸುವ ಲೊಬಾಟಮಿ ಶಸ್ತ್ರಚಿಕಿತ್ಸೆ 1935ರಲ್ಲಿ ಆರಂಭವಾಗಿ, ಅದನ್ನು ರೂಢಿಗೆ ತಂದ ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1949ರಲ್ಲಿ ನೊಬೆಲ್ ಪ್ರಶಸ್ತಿ ಪಡೆದದ್ದೂ ಇದೇ ಇತಿಹಾಸದ ಭಾಗ.

ಎರಡನೇ ಸುತ್ತು: ಹೊರಗೆ ಬಿಟ್ಟ ಕಾಲ

1955ರಲ್ಲಿ ಅಮೆರಿಕದ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,58,000 ಮಂದಿ ಇದ್ದರು. ಇಂದು ಅಂತಹ ಆಸ್ಪತ್ರೆಗಳಲ್ಲಿ ಉಳಿದಿರುವ ಹಾಸಿಗೆಗಳು 40 ಸಾವಿರಕ್ಕಿಂತಲೂ ಕಡಿಮೆ. ಆ ದೇಶದ ಜನಸಂಖ್ಯೆ ಈ ನಡುವೆ ಎರಡು ಪಟ್ಟಾಗಿದೆ ಎಂಬುದು ನೆನಪಿರಲಿ.

ಈ ಬದಲಾವಣೆಗೆ ಸಾಮಾನ್ಯವಾಗಿ ಕೊಡುವ ಕಾರಣ ಔಷಧ. ಕ್ಲೋರ್‌ಪ್ರೊಮಜೀನ್ ಎಂಬ ಮಾತ್ರೆ 1954ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು, ರೋಗಿಗಳು ಶಾಂತರಾದರು, ಮನೆಗೆ ಹೋದರು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಸ್ಕಲ್ 1977ರಷ್ಟು ಹಿಂದೆಯೇ ಈ ಕಥೆಯನ್ನು ಪ್ರಶ್ನಿಸಿದರು. ಅಂಕಿಗಳನ್ನು ನೋಡಿದರೆ ಅವರ ವಾದ ಅರ್ಥವಾಗುತ್ತದೆ. ಮಾತ್ರೆ ಬಂದ ಮೊದಲ ಹತ್ತು ವರ್ಷಗಳಲ್ಲಿ, ಅಂದರೆ 1965ರವರೆಗೆ, ರೋಗಿಗಳ ಸಂಖ್ಯೆ ಇಳಿದದ್ದು ಸುಮಾರು 4,75,000ಕ್ಕೆ ಮಾತ್ರ. ಮುಂದಿನ ಹತ್ತು ವರ್ಷಗಳಲ್ಲಿ ಅದು ಒಮ್ಮೆಲೇ 2 ಲಕ್ಷಕ್ಕಿಂತ ಕೆಳಗೆ ಬಿತ್ತು. 1965ರಲ್ಲಿ ಹೊಸ ಮಾತ್ರೆಯೇನೂ ಬರಲಿಲ್ಲ, ಬಂದದ್ದು ಹೊಸ ಲೆಕ್ಕಾಚಾರ. ಆ ವರ್ಷ ಜಾರಿಯಾದ ‘ಮೆಡಿಕೇಡ್’ ಯೋಜನೆ ಮಾನಸಿಕ ಆಸ್ಪತ್ರೆಯಲ್ಲಿರುವ ವಯಸ್ಕ ರೋಗಿಗಳಿಗೆ ಕೇಂದ್ರದ ಹಣ ಕೊಡುವುದಿಲ್ಲ ಎಂದಿತು, ಆದರೆ ವೃದ್ಧರ ಶುಶ್ರೂಷಾಗೃಹದಲ್ಲಿದ್ದರೆ ಕೊಡುತ್ತದೆ ಎಂದಿತು. ರಾಜ್ಯ ಸರಕಾರಗಳು ತಮ್ಮ ಬೊಕ್ಕಸದ ಖರ್ಚನ್ನು ಕೇಂದ್ರದ ಮೇಲೆ ಹೊರಿಸಲು ರೋಗಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸಿದವು. ಉಳಿದವರಿಗೆ ಅಗ್ಗದ ವಸತಿಗೃಹ, ಕೊನೆಗೆ ಬೀದಿ.

ಇದರ ಹಿಂದೆ ಒಳ್ಳೆಯ ಉದ್ದೇಶ ಇರಲೇ ಇಲ್ಲ ಎಂದಲ್ಲ. ಅಧ್ಯಕ್ಷ ಜಾನ್ ಕೆನಡಿಯವರ ತಂಗಿ ರೋಸ್‌ಮೇರಿಗೆ 1941ರಲ್ಲಿ, ಆಕೆಯ 23ನೇ ವಯಸ್ಸಿನಲ್ಲಿ, ಲೊಬಾಟಮಿ ಮಾಡಿಸಲಾಗಿತ್ತು. ಆಕೆ ಜೀವನಪೂರ್ತಿ ಪರಾವಲಂಬಿಯಾದರು. ಆ ಕುಟುಂಬದ ಕೆನಡಿಯವರು 1963ರ ಅಕ್ಟೋಬರ್ 31ರಂದು ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾಯ್ದೆಗೆ ಸಹಿ ಹಾಕಿದರು. ದೊಡ್ಡ ಆಸ್ಪತ್ರೆಗಳ ಬದಲಿಗೆ ಊರೂರಿನಲ್ಲಿ ಚಿಕಿತ್ಸಾ ಕೇಂದ್ರ ಇರಬೇಕೆಂಬುದು ಕನಸು. ಮೂರೇ ವಾರಗಳಲ್ಲಿ ಅವರ ಹತ್ಯೆಯಾಯಿತು. ಯೋಜಿಸಿದ್ದ ಕೇಂದ್ರಗಳಲ್ಲಿ ಅರ್ಧದಷ್ಟು ಮಾತ್ರ ಎದ್ದುನಿಂತವು, ಅವು ಕೂಡ ಬಹುಮಟ್ಟಿಗೆ ನೋಡಿಕೊಂಡದ್ದು ಹಗುರವಾದ ಸಮಸ್ಯೆಗಳಿರುವವರನ್ನು. 1981ರಲ್ಲಿ ರೊನಾಲ್ಡ್ ರೇಗನ್ ಸರಕಾರ ಈ ಕೇಂದ್ರಗಳ ಅನುದಾನವನ್ನು ಕಡಿತ ಮಾಡಿ ಹೊಣೆಯನ್ನು ರಾಜ್ಯಗಳಿಗೆ ಬಿಟ್ಟಿತು.

ಹೀಗೆ ಆಸ್ಪತ್ರೆಯ ಬಾಗಿಲು ತೆರೆಯಿತು, ಬೇರೆ ಬಾಗಿಲು ತೆರೆಯಲೇ ಇಲ್ಲ. ಇಂದು ಅಮೆರಿಕದಲ್ಲಿ ಅತಿ ಹೆಚ್ಚು ಮನೋರೋಗಿಗಳು ಒಂದೆಡೆ ಸಿಗುವ ಸ್ಥಳಗಳೆಂದರೆ ಲಾಸ್ ಏಂಜಲೀಸ್, ಶಿಕಾಗೋ, ನ್ಯೂಯಾರ್ಕ್ ನಗರಗಳ ಜೈಲುಗಳು. ಡೊರೊಥಿಯಾ ಡಿಕ್ಸ್ 1841ರಲ್ಲಿ ಯಾವ ದೃಶ್ಯ ಕಂಡು ಕಂಗೆಟ್ಟರೋ ಅದೇ ದೃಶ್ಯಕ್ಕೆ ಚಕ್ರ ತಿರುಗಿ ಬಂದು ನಿಂತಿದೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೆ ಬೇಕೆ?

ಸ್ಕಲ್‌ರ ಮಾತನ್ನು ಎಲ್ಲರೂ ಒಪ್ಪುತ್ತಾರೆಯೇ?

ಇಲ್ಲ. ಅಮೆರಿಕದ ಇನ್ನೊಬ್ಬ ಹಿರಿಯ ಇತಿಹಾಸಕಾರ ಜೆರಾಲ್ಡ್ ಗ್ರಾಬ್, ಆಸ್ಪತ್ರೆ ಕಟ್ಟಿದವರ ಸದುದ್ದೇಶಕ್ಕೆ ಸ್ಕಲ್ ಸಾಕಷ್ಟು ಬೆಲೆ ಕೊಡಲಿಲ್ಲ ಎಂದು ಆಕ್ಷೇಪಿಸಿದ್ದರು. ಔಷಧಗಳ ಪ್ರಯೋಜನವನ್ನು ಅವರು ಕಡಿಮೆ ಅಂದಾಜು ಮಾಡುತ್ತಾರೆ ಎಂಬುದು ಅನೇಕ ಮನೋವೈದ್ಯರ ದೂರು. ಈ ದೂರಿನಲ್ಲಿ ಹುರುಳಿಲ್ಲದಿಲ್ಲ. ಮಾತ್ರೆಯಿಂದಲೇ ಮತ್ತೆ ಕೆಲಸಕ್ಕೆ ಹೋಗುವಂತಾದವರು, ಪುನಃ ಮನೆಮಂದಿಯೊಂದಿಗೆ ಕುಳಿತು ಊಟ ಮಾಡುವಂತಾದವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಈ ಲೇಖನವನ್ನು ಓದಿ ಯಾರೂ ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬಾರದು ಎಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಆದರೆ ಮನೋವೈದ್ಯಶಾಸ್ತ್ರದ ಒಳಗಿನಿಂದಲೇ ಬಂದ ಒಂದು ಮಾತು ಸ್ಕಲ್‌ರ ಕಡೆಗೆ ವಾಲುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯನ್ನು 2002ರಿಂದ 2015ರವರೆಗೆ ಮುನ್ನಡೆಸಿದ ಥಾಮಸ್ ಇನ್ಸೆಲ್, ತಮ್ಮ ಅವಧಿಯಲ್ಲಿ ಸುಮಾರು 2,000 ಕೋಟಿ ಡಾಲರ್ ಸಂಶೋಧನೆಗೆ ಖರ್ಚಾದರೂ ಆತ್ಮಹತ್ಯೆಗಳು ಕಡಿಮೆಯಾಗಲಿಲ್ಲ, ರೋಗಿಗಳ ಚೇತರಿಕೆ ಹೆಚ್ಚಲಿಲ್ಲ ಎಂದು 2017ರಲ್ಲಿ ಒಪ್ಪಿಕೊಂಡರು. ಮಿದುಳಿನ ಬಗ್ಗೆ ಜ್ಞಾನ ಬೆಳೆಯಿತು, ರೋಗಿಯ ಬಾಳು ಬೆಳಗಲಿಲ್ಲ. ಯಾಕೆಂದರೆ ರೋಗಿಗೆ ಮಾತ್ರೆಯ ಜೊತೆಗೆ ವಾಸಕ್ಕೊಂದು ಕೋಣೆ, ಮಾಡಲೊಂದು ಕೆಲಸ, ಕಾಣೆಯಾದರೆ ಹುಡುಕಿಕೊಂಡು ಬರುವ ಒಬ್ಬ ಮನುಷ್ಯ ಬೇಕು.

ಮೂರನೇ ಸುತ್ತಿನ ಹೊಸ್ತಿಲಲ್ಲಿ

ಈಗ ಟ್ರಂಪ್ ಅವರ ಆದೇಶಕ್ಕೆ ಮರಳೋಣ. ತನಗೂ ಇತರರಿಗೂ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿರುವ ರೋಗಿಯನ್ನು ಸ್ವಲ್ಪ ಕಾಲ ಒತ್ತಾಯದಿಂದಲಾದರೂ ಆಸ್ಪತ್ರೆಗೆ ಸೇರಿಸುವುದು ಕೆಲವೊಮ್ಮೆ ಅನಿವಾರ್ಯ. ಅಂತಹ ಮಗನನ್ನೋ ಮಗಳನ್ನೋ ಸಾಕಿದ ಯಾವ ತಾಯಿಯೂ ಇದನ್ನು ಅಲ್ಲಗಳೆಯಲಾರಳು. ಆದರೆ ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ ಒಂದು ಗಡಿ ಎಳೆದಿತ್ತು. ಫ್ಲಾರಿಡಾದ ಆಸ್ಪತ್ರೆಯಲ್ಲಿ ಸುಮಾರು 15 ವರ್ಷ ಕೂಡಿಹಾಕಲಾಗಿದ್ದ ಕೆನೆತ್ ಡೊನಾಲ್ಡ್‌ಸನ್ ಅವರ ಮೊಕದ್ದಮೆಯಲ್ಲಿ, ಅಪಾಯಕಾರಿಯಲ್ಲದ, ಸ್ವಂತವಾಗಿಯೋ ಬಂಧುಮಿತ್ರರ ನೆರವಿನಿಂದಲೋ ಹೊರಗೆ ಬದುಕಬಲ್ಲ ವ್ಯಕ್ತಿಯನ್ನು ಸುಮ್ಮನೆ ಬಂಧಿಸಿಡುವಂತಿಲ್ಲ ಎಂದು ಅದು ಹೇಳಿತು. ಹೊಸ ಆದೇಶ ಇಂತಹ ಗಡಿಗಳನ್ನು ಸಡಿಲಿಸಲು ಹೊರಟಿದೆ.

ಒಳಗೆ ಹಾಕಿದ ಮೇಲೆ ನೋಡಿಕೊಳ್ಳುವವರು ಯಾರು? ಆದೇಶ ಹೊಸ ಹಾಸಿಗೆಗಳಿಗೆ ಹೊಸ ಹಣ ಒದಗಿಸಿಲ್ಲ. ಅದಕ್ಕೆ ಕೇವಲ 20 ದಿನ ಮೊದಲು, 2025ರ ಜುಲೈ 4ರಂದು, ಅದೇ ಅಧ್ಯಕ್ಷರು ಸಹಿ ಹಾಕಿದ ಆಯವ್ಯಯ ಕಾಯ್ದೆ ಮೆಡಿಕೇಡ್‌ಗೆ ದೊಡ್ಡ ಕತ್ತರಿ ಹಾಕಿದೆ. ಅದರಿಂದ 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನರು ಆರೋಗ್ಯ ವಿಮೆ ಕಳೆದುಕೊಳ್ಳಬಹುದೆಂದು ಅಮೆರಿಕದ ಸಂಸತ್ತಿನದೇ ಆಯವ್ಯಯ ಕಚೇರಿ ಅಂದಾಜಿಸಿದೆ. ಬಡ ಮನೋರೋಗಿಗೆ ವೈದ್ಯರನ್ನು ಕಾಣಲು ಇರುವ ಮುಖ್ಯ ದಾರಿಯೇ ಮೆಡಿಕೇಡ್. ಒಂದು ಕೈಯಲ್ಲಿ ಚಿಕಿತ್ಸೆಯ ಹಣ ಹಿಂದೆಗೆದು ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ದಾರಿ ತೋರಿಸಿದರೆ ಅದು ಆರೈಕೆಯಾಗುವುದು ಹೇಗೆ? ಬೀದಿ ಸ್ವಚ್ಛವಾಗಿ ಕಾಣಬಹುದು, ರೋಗಿ ಕಣ್ಮರೆಯಾಗಬಹುದು, ಅಷ್ಟೇ.

ಗೀಲ್ ಊರಿನ ಪಾಠ

ಹಾಗಾದರೆ ಆಸ್ಪತ್ರೆ ಅಥವಾ ಬೀದಿ ಎಂಬ ಎರಡೇ ದಾರಿಗಳೇ? ಬೆಲ್ಜಿಯಂನ ಗೀಲ್ ಎಂಬ ಊರು ಬೇರೆ ಉತ್ತರ ಕೊಟ್ಟಿದೆ. ಮನೋರೋಗಿಗಳ ಪಾಲಕ ಸಂತಳಾದ ದಿಂಫ್ನಾಳ ಪುಣ್ಯಕ್ಷೇತ್ರ ಅದು. ಮಧ್ಯಯುಗದಲ್ಲಿ ಹರಕೆ ಹೊತ್ತು ಬಂದ ರೋಗಿಗಳಿಗೆ ಚರ್ಚಿನಲ್ಲಿ ಸ್ಥಳ ಸಾಲದೆ ಊರಿನವರು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಆ ರೂಢಿ ಇಂದಿನವರೆಗೂ ನಡೆದು ಬಂದಿದೆ. 1930ರ ದಶಕದ ಕೊನೆಯಲ್ಲಿ 3,700ಕ್ಕೂ ಹೆಚ್ಚು ರೋಗಿಗಳು ಅಲ್ಲಿನ ಮನೆಗಳಲ್ಲಿ ಬದುಕುತ್ತಿದ್ದರು. ಇಂದು ಸಂಖ್ಯೆ ಕೆಲವು ನೂರಕ್ಕೆ ಇಳಿದಿದೆ.

ಗೀಲ್‌ನಲ್ಲಿ ಮನೆಯವರ ಪ್ರೀತಿಯೊಂದೇ ಕೆಲಸ ಮಾಡಲಿಲ್ಲ. ರೋಗಿಯನ್ನು ಇರಿಸಿಕೊಂಡ ಕುಟುಂಬಕ್ಕೆ ಭತ್ಯೆ ಸಿಗುತ್ತದೆ, ಹತ್ತೊಂಬತ್ತನೇ ಶತಮಾನದಿಂದ ಊರಿನಲ್ಲೇ ಆಸ್ಪತ್ರೆ ಇದೆ, ರೋಗ ಉಲ್ಬಣಿಸಿದರೆ ಅಲ್ಲಿಗೆ ಕರೆದೊಯ್ಯಬಹುದು, ದಾದಿಯರು ಮನೆಗೆ ಬಂದು ವಿಚಾರಿಸುತ್ತಾರೆ. ದಯೆಗೆ ವ್ಯವಸ್ಥೆಯ ಆಸರೆ ಸಿಕ್ಕಿದ್ದರಿಂದಲೇ ಅದು ಇಷ್ಟು ಶತಮಾನ ಬಾಳಿತು.

ನಮ್ಮ ಮನೆಯಂಗಳದಲ್ಲಿ

ಭಾರತದಲ್ಲಿ ಅಮೆರಿಕದಂತಹ ದೊಡ್ಡ ಬಂಧನದ ಕಾಲ ಬರಲೇ ಇಲ್ಲ. ಇಷ್ಟು ದೊಡ್ಡ ದೇಶಕ್ಕೆ ಸರಕಾರಿ ಮಾನಸಿಕ ಆಸ್ಪತ್ರೆಗಳು 50ಕ್ಕಿಂತ ಕಡಿಮೆ. ಇಲ್ಲಿ ಆಸ್ಪತ್ರೆಯೆಂದರೆ ಮನೆಯೇ, ದಾದಿಯೆಂದರೆ ತಾಯಿ, ಹೆಂಡತಿ ಅಥವಾ ಮದುವೆಯಾಗದೆ ಉಳಿದ ಅಕ್ಕ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆ. ಹೆಚ್ಚಿನ ತೊಂದರೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಿಂದ ಹೊರಗುಳಿದಿದ್ದಾರೆ.

ಚಿಕಿತ್ಸೆ ಇಲ್ಲದ ಕಡೆ ಸರಪಳಿ ಬರುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯತಾಣವೊಂದರಲ್ಲಿ ಬೆಂಕಿ ಬಿದ್ದಾಗ ಕಟ್ಟಿಹಾಕಿದ್ದ 28 ಮಂದಿ ಓಡಲಾಗದೆ ಸುಟ್ಟು ಸತ್ತರು. ಇದು ಯಾವುದೋ ಒಂದು ಧರ್ಮದವರ ದೋಷವೆಂದು ಬೆರಳು ತೋರಿಸುವುದು ಬೇಡ. ವೈದ್ಯರು ಸಿಗದೆ ಬೇಸತ್ತ ಮನೆಯವರು ಎಲ್ಲ ಧರ್ಮಗಳ ಪ್ರಾರ್ಥನಾಸ್ಥಳಗಳಿಗೂ ಬರುತ್ತಾರೆ. ಪ್ರಾರ್ಥನೆಗೆ ಬಂದವರನ್ನು ವೈದ್ಯರ ಬಳಿಗೂ ಕಳುಹಿಸುವ ಜವಾಬ್ದಾರಿ ಧರ್ಮಗುರುಗಳಾದ ನಮ್ಮದೂ ಆಗಿದೆ.

ನಮ್ಮ ರಾಜ್ಯದ ಒಂದು ಹೆಮ್ಮೆಯನ್ನೂ ಹೇಳಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮನೋರೋಗಕ್ಕೆ ಔಷಧ ಸಿಗುವಂತೆ ಮಾಡಿದರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ತಳಹದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಮುಂದೆ ಹೋಗಿ, ಸರಕಾರಿ ಚಿಕಿತ್ಸೆ ಪ್ರತಿಯೊಬ್ಬರ ಹಕ್ಕು ಎಂದಿತು, ಸರಪಳಿಯನ್ನು ನಿಷೇಧಿಸಿತು, ಮನೆಯವರು ಕೈಬಿಟ್ಟ ಗುಣಮುಖರಿಗೆ ಸಮಾಜದಲ್ಲಿ ಬದುಕುವ ಹಕ್ಕಿದೆ ಎಂದಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಕಾನೂನು ಬೇಕಿಲ್ಲ. ಆದರೆ ಕೆನಡಿಯವರ ಕಾನೂನೂ ಕಾಗದದ ಮೇಲೆ ಚೆನ್ನಾಗಿಯೇ ಇತ್ತು!

ಸ್ಕಲ್‌ರ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಇದನ್ನೇ. ‘ಸಮುದಾಯದ ಆರೈಕೆ’ ಎಂಬ ಚೆಂದದ ಮಾತು ಬಂದಾಗಲೆಲ್ಲ, ಆ ಸಮುದಾಯ ಯಾರು ಎಂದು ಕೇಳಬೇಕು. ನಮ್ಮ ಕರಾವಳಿಯಲ್ಲಿ ಮಕ್ಕಳು ಗಲ್ಫಿಗೋ ಮುಂಬಯಿಗೋ ಹೋಗಿ, ರೋಗಿ ತಮ್ಮನನ್ನು ಎಪ್ಪತ್ತು ದಾಟಿದ ತಾಯಿಯೊಬ್ಬಳೇ ನೋಡಿಕೊಳ್ಳುವ ಮನೆಗಳಿವೆ. ಆ ತಾಯಿಯನ್ನೇ ಸಮುದಾಯ ಎಂದು ಕರೆದು ನಾವೆಲ್ಲ ಹಿಂದೆ ಸರಿದರೆ, ಆಕೆ ಕಣ್ಣು ಮುಚ್ಚಿದ ದಿನ ಆ ಮಗ ಬೀದಿಯಲ್ಲಿರುತ್ತಾನೆ.

ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು, ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಈ ವಿಷಯವನ್ನು ಮುಂದಿನ ಸಭೆಗಳಲ್ಲಿ ಎತ್ತಿಕೊಳ್ಳಲಿ. ನಮ್ಮ ವಾಳೆಯಲ್ಲಿ ಇಂತಹ ಮನೆಗಳು ಎಷ್ಟಿವೆ? ತಿಂಗಳಿಗೊಮ್ಮೆ ಔಷಧ ತರಲು ಯಾರು ಹೋಗುತ್ತಾರೆ? ತಾಯಿಗೆ ಒಂದು ದಿನ ವಿಶ್ರಾಂತಿ ಬೇಕಾದರೆ ಆ ಮನೆಯಲ್ಲಿ ಕುಳಿತುಕೊಳ್ಳುವವರು ಯಾರು? ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416 ಅವರಿಗೆ ಗೊತ್ತಿದೆಯೇ? ತಾಲೂಕು ಆಸ್ಪತ್ರೆಯಲ್ಲಿ ಮನೋರೋಗದ ಔಷಧ ಮುಗಿದಿದ್ದರೆ ಹೋಗಿ ಕೇಳುವವರಿದ್ದಾರೆಯೇ? ಇವು ಸಣ್ಣ ಪ್ರಶ್ನೆಗಳಂತೆ ಕಾಣಬಹುದು. ಆದರೆ ಎರಡು ಶತಮಾನಗಳಲ್ಲಿ ಗೋಡೆ ಕಟ್ಟಿದವರೂ ಗೋಡೆ ಕೆಡವಿದವರೂ ಉತ್ತರಿಸದೆ ಬಿಟ್ಟ ಪ್ರಶ್ನೆಗಳು ಇವೇ.